ಹಾರ್ಡಿ ನಮ್ಮ ಕಡೆ ತಿರುಗಿ ನೋಡುವ ಹೊತ್ತು

ಡಿಸೆಂಬರ್ 2018

ಪ್ರೀತಿಯ ತಮ್ಮ,

ನೀನು ಕಳಿಸಿದ ಲೇಖನ ನಿನ್ನೆ ರಾತ್ರಿ ಓದಿದೆ. ಬೆಳಿಗ್ಗೆ ಕಾಫಿ ಮುಗಿಸಿ ಇನ್ನೊಂದು ಸಲ ಓದಿದೆ. ಹಳೆಯ ಹಾಲಿವುಡ್‌ನ ಹಾಸ್ಯ ಜೋಡಿ ಲಾರೆಲ್ ಮತ್ತು ಹಾರ್ಡಿ ಬಗ್ಗೆ ಸಿನಿಮಾ ಬರುತ್ತಿದೆ ಅಂತ ನಿನಗೆ ಆಗಿರುವ ಖುಷಿ ಇದೆಯಲ್ಲ, ಅದು ಪುಟದ ತುಂಬಾ ಕಾಣಿಸುತ್ತದೆ. ತೊಂದರೆ ಏನೆಂದರೆ ಖುಷಿ ಮಾತ್ರ ಕಾಣಿಸುತ್ತದೆ, ಲಾರೆಲ್ಲೂ ಇಲ್ಲ, ಹಾರ್ಡಿಯೂ ಇಲ್ಲ. ಬೇಜಾರು ಮಾಡಿಕೊಳ್ಳಬೇಡ. "ಅಕ್ಕ, ಮುಲಾಜಿಲ್ಲದೆ ಹೇಳಿ" ಅಂದವನು ನೀನೇ.

ಮೊದಲ ಪ್ಯಾರಾದಲ್ಲೇ "ಹಾಸ್ಯ ದಿಗ್ಗಜರು", "ನಗೆಗಡಲಲ್ಲಿ ತೇಲಿಸಿದ ಜೋಡಿ", "ಹೊಟ್ಟೆ ಹುಣ್ಣಾಗುವಂತೆ ನಗಿಸಿದವರು" ಮೂರೂ ಬಂದುಬಿಟ್ಟಿವೆ. ಒಂದು ಕೆಲಸ ಮಾಡು. ಅವರ ಹೆಸರು ತೆಗೆದು ಅಲ್ಲಿ ನರಸಿಂಹರಾಜು, ಬಾಲಕೃಷ್ಣ ಅಂತ ಹಾಕಿ ಓದು. ಪ್ಯಾರಾ ಹಾಗೇ ನಡೆಯುತ್ತದೆ, ಒಂದಕ್ಷರ ಬದಲಿಸಬೇಕಾಗಿಲ್ಲ. ಯಾರಿಗೆ ಬೇಕಾದರೂ ಒಪ್ಪುವ ಅಂಗಿ ಅದು, ಹಾಗಾಗಿ ಯಾರ ಅಳತೆಗೂ ಹೊಲಿದದ್ದಲ್ಲ.

ಎರಡನೇ ಪ್ಯಾರಾ ಪೂರ್ತಿ ಟ್ರೈಲರ್‌ನ ಕಥೆ. ಸ್ಟೀವ್ ಕೂಗನ್ ಲಾರೆಲ್ ಆಗಿದ್ದಾರೆ, ಜಾನ್ ಸಿ. ರೈಲಿ ಹಾರ್ಡಿ ಆಗಿದ್ದಾರೆ, ನಿರ್ದೇಶನ ಜಾನ್ ಎಸ್. ಬೇರ್ಡ್, ಚಿತ್ರಕಥೆ ಜೆಫ್ ಪೋಪ್, ಹೆಸರು 'ಸ್ಟ್ಯಾನ್ ಅಂಡ್ ಆಲಿ'. ಅಕ್ಟೋಬರ್‌ನಲ್ಲಿ ಲಂಡನ್ ಚಿತ್ರೋತ್ಸವದಲ್ಲಿ ತೋರಿಸಿದರು, ಜನವರಿಯಲ್ಲಿ ಬ್ರಿಟನ್ನಿನ ಥಿಯೇಟರುಗಳಿಗೆ ಬರುತ್ತದೆ. ಎಲ್ಲ ಸರಿ. ಆದರೆ ಇದನ್ನೆಲ್ಲ ಓದುಗ ನಿನಗಿಂತ ಮುಂಚೆ ಫೋನಿನಲ್ಲಿ ನೋಡಿ ಮುಗಿಸಿರುತ್ತಾನೆ.

ನಾನೂ ಇದೇ ಕೆಲಸ ಮಾಡಿದವಳೇ ಬಿಡು. ಆಗ ನನಗೆ 24 ವರ್ಷ. ಒಂದು ವಾರಪತ್ರಿಕೆಯ ಸಿನಿಮಾ ಪುಟಕ್ಕೆ ಬರೆಯುತ್ತಿದ್ದೆ. ಇನ್ನೂ ಬಾರದ ಒಂದು ಚಿತ್ರದ ಬಗ್ಗೆ ಪ್ರಚಾರದವರು ಕೊಟ್ಟ ಹಾಳೆ ಮುಂದಿಟ್ಟುಕೊಂಡು, ನಾನೇ ಶೂಟಿಂಗ್‌ಗೆ ಹೋಗಿ ಬಂದಹಾಗೆ, ಒಂದೂವರೆ ಪುಟ ಬರೆದೆ. "ಮನಮಿಡಿಯುವ ಕ್ಲೈಮ್ಯಾಕ್ಸ್" ಅಂತಲೂ ಬರೆದಿದ್ದೆ. ಸಿನಿಮಾ ಬಂತು, ಕ್ಲೈಮ್ಯಾಕ್ಸ್‌ನಲ್ಲಿ ಮಿಡಿಯೋದಕ್ಕೆ ಏನೂ ಇರಲಿಲ್ಲ, ಒಂದು ಜೀಪು ಉರುಳಿ ಬಿತ್ತು ಅಷ್ಟೇ. ಓದುಗರೊಬ್ಬರು ಪೋಸ್ಟ್ ಕಾರ್ಡ್ ಹಾಕಿದ್ದರು: "ಮೇಡಂ, ತಾವು ನೋಡಿದ್ದು ಯಾವ ಥಿಯೇಟರಿನಲ್ಲಿ?" ಆ ಕಾರ್ಡು ಈಗಲೂ ನನ್ನ ಹತ್ತಿರ ಇದೆ. ಆವತ್ತಿನಿಂದ ನೋಡದ ಸಿನಿಮಾದ ಬಗ್ಗೆ ಬರೆಯಲೇಬಾರದು ಅಂತೇನೂ ನಾನು ತೀರ್ಮಾನ ಮಾಡಲಿಲ್ಲ. ಬರೆಯಬಹುದು. ಆದರೆ ಬರೆಯೋದು ನಿನ್ನ ಕಾಯುವಿಕೆಯ ಬಗ್ಗೆ ಇರಬೇಕು. ಯಾವ ದೃಶ್ಯ ಹೇಗೆ ಮಾಡಿರಬಹುದು ಅಂತ ನಿನಗೆ ಕುತೂಹಲ, ಎಲ್ಲಿ ಕೆಡಿಸಿಬಿಡುತ್ತಾರೋ ಅಂತ ಭಯ, ಅದನ್ನು ಬರಿ. ಹಾಗೆ ಕಾಯಬೇಕಾದರೆ ಹಳೆಯದು ಗೊತ್ತಿರಬೇಕು, ಅಲ್ವಾ?

ನಿನ್ನ ಲೇಖನದಲ್ಲಿ ನನಗೆ ತುಂಬಾ ಇಷ್ಟವಾದ ಮಾತು ಒಂದಿದೆ, ಅದನ್ನು ನೀನು ನಾಚಿಕೊಂಡು ಬ್ರಾಕೆಟ್ಟಿನೊಳಗೆ ಹಾಕಿದ್ದೀಯ. "ನಿಜ ಹೇಳಬೇಕೆಂದರೆ ಫೋನಿನಲ್ಲಿ ನೋಡಿದಾಗ ಸ್ವಲ್ಪ ನಿಧಾನ ಅನ್ನಿಸಿತು." ಅದನ್ನು ಬ್ರಾಕೆಟ್ಟಿನಿಂದ ಹೊರಗೆ ತೆಗಿ. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ.

ಯಾಕೆ ನಿಧಾನ ಅಂತ ಕೇಳಿಕೊಂಡೆಯಾ? ಅವರ ಚಿತ್ರಗಳನ್ನು ಬಿಡುಗಡೆಗೆ ಮುಂಚೆ ಜನರ ಎದುರು ಹಾಕಿ ನೋಡುತ್ತಿದ್ದರು. ಎಲ್ಲಿ ನಗುತ್ತಾರೆ, ಎಷ್ಟು ಹೊತ್ತು ನಗುತ್ತಾರೆ ಅಂತ ಲೆಕ್ಕ ಹಾಕಿ ಆಮೇಲೆ ಮತ್ತೆ ಎಡಿಟ್ ಮಾಡುತ್ತಿದ್ದರು. ಜನ ಜೋರಾಗಿ ನಕ್ಕು ಮುಂದಿನ ಮಾತು ಕೇಳಿಸದೆ ಹೋಗುವ ಕಡೆ ಹಾರ್ಡಿಯ ನೋಟವನ್ನು ಉದ್ದ ಮಾಡುತ್ತಿದ್ದರು. ಆ ನೋಟ ನಿನಗೆ ಗೊತ್ತು. ಲಾರೆಲ್ ಏನೋ ಎಡವಟ್ಟು ಮಾಡಿರುತ್ತಾನೆ, ಹಾರ್ಡಿಯ ಮೈಮೇಲೆ ನೀರೋ ಸುಣ್ಣವೋ ಸುರಿದಿರುತ್ತದೆ. ಅವನು ತಕ್ಷಣ ಕೂಗಾಡುವುದಿಲ್ಲ. ಹಾಗೇ ಕೂತಿರುತ್ತಾನೆ. ಆಮೇಲೆ ಕತ್ತು ತಿರುಗಿಸಿ ಕ್ಯಾಮೆರಾದೊಳಗೆ, ಅಂದರೆ ನೇರ ನಮ್ಮ ಕಣ್ಣಿನೊಳಗೆ ನೋಡುತ್ತಾನೆ. "ನೋಡಿದ್ರಾ? ಇಂಥವನ ಜೊತೆ ನಾನು ಏಗಬೇಕು" ಅನ್ನೋ ಥರ. ಆ ನೋಟದ ಹೊತ್ತು ಸಿನಿಮಾದಲ್ಲಿ ನಮಗಾಗಿ ಬಿಟ್ಟಿರುವ ಜಾಗ. ಮುನ್ನೂರು ಜನ ನಗಲಿ ಅಂತ ಬಿಟ್ಟ ಜಾಗದಲ್ಲಿ ನೀನು ರಾತ್ರಿ ಹನ್ನೊಂದಕ್ಕೆ ಒಬ್ಬನೇ ಇಯರ್‌ಫೋನ್ ಹಾಕಿಕೊಂಡು ಕೂತರೆ ಅದು ಖಾಲಿ ಅನ್ನಿಸದೆ ಇನ್ನೇನಾಗುತ್ತದೆ?

ನಾನು ಮೊದಲು ನೋಡಿದ್ದು ನಮ್ಮೂರ ಶಾಲೆಯಲ್ಲಿ. ಊಟದ ಹಾಲಿನಲ್ಲಿ ಬಿಳಿ ಪಂಚೆ ಕಟ್ಟಿ, ಎಲ್ಲಿಂದಲೋ ತಂದ ಪ್ರೊಜೆಕ್ಟರ್ ಇಟ್ಟು ತೋರಿಸಿದರು. ಮೆಟ್ಟಿಲ ಮೇಲೆ ಪಿಯಾನೋ ಹೊರುವ ಚಿತ್ರ. ಇಂಗ್ಲಿಷ್ ಒಂದು ಮಾತೂ ಅರ್ಥ ಆಗದ ನೂರು ಮಕ್ಕಳು ಚಾಪೆಯ ಮೇಲೆ ಉರುಳಾಡಿದೆವು. ಅಡುಗೆ ಮಾಡುವ ಅಮ್ಮ ಸೌಟು ಹಿಡಿದೇ ಬಾಗಿಲಲ್ಲಿ ನಿಂತು, ಕೊನೆಗೆ ಸೌಟು ಕೆಳಗಿಟ್ಟು ಕೂತುಬಿಟ್ಟರು. ಆವತ್ತು ಸಾರು ಸೀದಿತ್ತು.

ಆ ಚಿತ್ರ 1932ರ 'ದಿ ಮ್ಯೂಸಿಕ್ ಬಾಕ್ಸ್'. ಅರ್ಧ ಗಂಟೆಯೂ ಇಲ್ಲ. ಹಾಸ್ಯದ ಕಿರುಚಿತ್ರಕ್ಕೆ ಕೊಟ್ಟ ಮೊದಲ ಆಸ್ಕರ್ ಅದಕ್ಕೇ ಬಂತು. ಆ ಮೆಟ್ಟಿಲುಗಳು ಲಾಸ್ ಏಂಜಲೀಸ್‌ನ ಸಿಲ್ವರ್ ಲೇಕ್ ಬಡಾವಣೆಯಲ್ಲಿ ಈಗಲೂ ಇವೆ, 133 ಮೆಟ್ಟಿಲು. (ಇದೇ ಮೆಟ್ಟಿಲಲ್ಲಿ 1927ರಲ್ಲಿ ಬಟ್ಟೆ ಒಗೆಯುವ ಮಷಿನ್ ಹೊತ್ತು 'ಹ್ಯಾಟ್ಸ್ ಆಫ್' ಅಂತ ಒಂದು ಮೂಕಿ ಚಿತ್ರವನ್ನೂ ಮಾಡಿದ್ದರು. ಅದರ ಪ್ರಿಂಟ್ ಎಲ್ಲೂ ಉಳಿದಿಲ್ಲ. ಇದೊಂದು ನನ್ನ ಹೊಟ್ಟೆಯುರಿ.) ಪಿಯಾನೋ ಒಂದು ಸಲ, ಎರಡು ಸಲ ಕೈತಪ್ಪಿ ಕೆಳಗೆ ಹೋಗುತ್ತದೆ. ಹೇಗೋ ಜೀವ ಬಿಟ್ಟು ಮೇಲೆ ತಂದ ಮೇಲೆ ಪೋಸ್ಟ್‌ಮ್ಯಾನ್ ಸಿಕ್ಕಿ ಹೇಳುತ್ತಾನೆ, ಅಯ್ಯೋ, ಆ ಕಡೆಯಿಂದ ರಸ್ತೆ ಇದೆಯಲ್ಲಪ್ಪಾ, ಗಾಡೀಲೇ ಬರಬಹುದಿತ್ತು ಅಂತ. ಈಗ ನೀನಾದರೆ ಏನು ಮಾಡುತ್ತಿದ್ದೆ? ತಲೆ ಚಚ್ಚಿಕೊಂಡು ಮುಂದೆ ಹೋಗುತ್ತಿದ್ದೆ. ಇವರು ಪಿಯಾನೋವನ್ನು ಮತ್ತೆ 133 ಮೆಟ್ಟಿಲು ಇಳಿಸಿ, ಗಾಡಿಗೆ ಏರಿಸಿ, ರಸ್ತೆಯಲ್ಲಿ ಸುತ್ತಿಕೊಂಡು ಮೇಲೆ ಬರುತ್ತಾರೆ. ನಗು ಇರೋದು ಬೀಳುವುದರಲ್ಲಿ ಅಲ್ಲ ತಮ್ಮ. ಸರಿಯಾದ ದಾರಿ ಗೊತ್ತಾಯಿತಲ್ಲ, ಇನ್ನು ಕೆಲಸ ಸರಿಯಾಗಿ ಮಾಡೋಣ ಅನ್ನುವ ಅವರ ಪ್ರಾಮಾಣಿಕತೆಯಲ್ಲಿದೆ.

ಹೀಗೆ ಒಂದು ನಗು ಹೇಗೆ ಹುಟ್ಟುತ್ತದೆ ಅಂತ ಬಿಡಿಸಿ ಬರೆಯೋಕೆ ಬಂದ ಮೇಲೆ ಅವರ ಕಣ್ಣೀರಿನ ಬಗ್ಗೆ ಬರಿ. ನೀನು ಉಲ್ಟಾ ಮಾಡಿದ್ದೀಯ. "ನಗಿಸುವವರ ಬದುಕಿನ ಹಿಂದಿನ ನೋವು" ಅಂತ ನಿನ್ನ ಮೂರನೇ ಪ್ಯಾರಾ. ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ನೋವು ಎಲ್ಲರ ಹಿಂದೆಯೂ ಇರುತ್ತದೆ, ಬ್ಯಾಂಕಿನ ಕ್ಯಾಶಿಯರ್ ಹಿಂದೆಯೂ ಇರುತ್ತದೆ. ಇವರಿಬ್ಬರಲ್ಲಿ ವಿಶೇಷ ಏನು ಅಂತ ಹುಡುಕು.

ಟ್ರೈಲರ್‌ನಲ್ಲಿ ಇಬ್ಬರ ಮಧ್ಯೆ ಜಗಳದ ಸುಳಿವಿದೆ, ಅದನ್ನು ನೋಡಿ ನೀನು "ಸ್ನೇಹದಲ್ಲಿ ಬಿರುಕು" ಅಂತ ಬರೆದೆ. ಬಿರುಕಿಗಿಂತ ಸ್ವಾರಸ್ಯವಾದದ್ದು ಅಗ್ರಿಮೆಂಟು. ನಿರ್ಮಾಪಕ ಹಾಲ್ ರೋಚ್ ಇಬ್ಬರ ಕೈಲೂ ಬೇರೆ ಬೇರೆ ಕರಾರು ಮಾಡಿಸಿಕೊಂಡಿದ್ದರು, ಮುಗಿಯುವ ದಿನವೂ ಬೇರೆ ಬೇರೆ. ಒಬ್ಬನದು ಮುಗಿದಾಗ ಇನ್ನೊಬ್ಬನದು ಬಾಕಿ. ಹಾಗಾಗಿ ಇಬ್ಬರೂ ಒಟ್ಟಿಗೆ ನಿಂತು ಸಂಬಳ ಜಾಸ್ತಿ ಕೇಳುವ ಹಾಗೇ ಇರಲಿಲ್ಲ. ಲಾರೆಲ್‌ಗೂ ರೋಚ್‌ಗೂ ಕೆಟ್ಟಾಗ, 1939ರಲ್ಲಿ ಹಾರ್ಡಿ ಲಾರೆಲ್ ಇಲ್ಲದೆ, ಹ್ಯಾರಿ ಲ್ಯಾಂಗ್‌ಡನ್ ಅನ್ನುವ ಇನ್ನೊಬ್ಬ ಹಾಸ್ಯನಟನ ಜೊತೆಗೆ, 'ಜೆನೋಬಿಯಾ' ಅಂತ ಆನೆಯ ಸಿನಿಮಾ ಮಾಡಬೇಕಾಗಿ ಬಂತು. ಜಗತ್ತೇ ಒಂದು ಜೋಡಿ ಅಂದುಕೊಂಡವರು ಕಾಗದದ ಮೇಲೆ ಜೋಡಿಯೇ ಅಲ್ಲ. ಸಿನಿಮಾದವರು ಇದನ್ನು ಎಷ್ಟು ಹಿಡಿದಿದ್ದಾರೆ ಅಂತ ನನಗೆ ಕಾತರ. ಸುಮ್ನೆ ಇಬ್ಬರು ಕೂಗಾಡಿ ಆಮೇಲೆ ತಬ್ಬಿಕೊಳ್ಳುವ ಸೀನು ಮಾಡಿಬಿಟ್ಟರೆ ನನಗೆ ನಿರಾಸೆ.

ಇನ್ನೊಂದು. ನೀನು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ "ಸಮಾನ ಪ್ರತಿಭೆಗಳು" ಅಂದುಬಿಟ್ಟಿದ್ದೀಯ. ಅವರ ಕೆಲಸ ಸಮಾನ ಆಗಿರಲಿಲ್ಲ. ಸ್ಟ್ಯಾನ್ ಲಾರೆಲ್, ಅಂದರೆ ಇಂಗ್ಲೆಂಡಿನ ಅಲ್ವರ್‌ಸ್ಟನ್‌ನಲ್ಲಿ 1890ರಲ್ಲಿ ಹುಟ್ಟಿದ ಆರ್ಥರ್ ಸ್ಟ್ಯಾನ್ಲಿ ಜೆಫರ್ಸನ್, ನಾಟಕದವರ ಮನೆಯ ಮಗ. ಫ್ರೆಡ್ ಕಾರ್ನೋ ಅನ್ನುವವರ ಹಾಸ್ಯ ನಾಟಕದ ಕಂಪನಿಯಲ್ಲಿ ಚಾಪ್ಲಿನ್‌ಗೆ ಬದಲಿ ನಟನಾಗಿದ್ದವನು, 1910ರಲ್ಲಿ ಆತನ ಜೊತೆಗೇ ಹಡಗಿನಲ್ಲಿ ಅಮೆರಿಕಕ್ಕೆ ಹೋದವನು. ಜೋಕು ಕಟ್ಟುವುದು, ಎಡಿಟಿಂಗ್‌ನಲ್ಲಿ ಕೂರುವುದು ಎಲ್ಲ ಅವನೇ, ಸಂಬಳವೂ ಅವನಿಗೇ ಜಾಸ್ತಿ. ಹಾರ್ಡಿ ಶಾಟ್ ಮುಗಿದರೆ ಗಾಲ್ಫ್ ಆಡೋಕೆ ಹೊರಟ. ಬರೆಯುವವರು ನಾವು, ನಮಗೆ ಲಾರೆಲ್ ಕಡೆ ಒಲವು ಸಹಜ. ಆದರೂ ನನ್ನ ಓಟು ಹಾರ್ಡಿಗೆ. ಅಮೆರಿಕದ ಜಾರ್ಜಿಯಾ ರಾಜ್ಯದ ಸಣ್ಣ ಊರಿನಲ್ಲಿ ಟಾಕೀಸಿನ ಕೆಲಸ ಮಾಡಿಕೊಂಡಿದ್ದ ಹುಡುಗ ಅವನು, ದಿನಾ ಪ್ರೊಜೆಕ್ಟರ್ ತಿರುಗಿಸುತ್ತಾ ಪರದೆಯ ಮೇಲಿನವರನ್ನು ನೋಡಿ ನೋಡಿ ಕಲಿತವನು. ಅಷ್ಟು ದೊಡ್ಡ ದೇಹ, ಬೆರಳು ಮಾತ್ರ ಹೂ ಕೀಳುವ ಹಾಗೆ. ಮುಜುಗರವಾದಾಗ ಟೈ ತುದಿಯನ್ನು ಪಟಪಟ ಆಡಿಸುತ್ತಾನಲ್ಲ, ಅದನ್ನು ಇನ್ನೊಬ್ಬ ನಟ ಮಾಡಿದರೆ ಮಿಮಿಕ್ರಿ ಆಗುತ್ತದೆ. ರೈಲಿ ದಿನಾ ಗಂಟೆಗಟ್ಟಲೆ ಮೇಕಪ್ಪಿಗೆ ಕೂತು ಗಲ್ಲ, ಹೊಟ್ಟೆ ಎಲ್ಲ ಹಚ್ಚಿಸಿಕೊಂಡಿದ್ದಾರೆ. ಹೊಟ್ಟೆ ಹಚ್ಚಬಹುದು. ಆ ಬೆರಳಿಗೆ ಏನು ಮಾಡಿದ್ದಾರೆ? ಇದನ್ನು ಬರಿ. ಓದುಗ ಥಿಯೇಟರಿಗೆ ಹೋದಾಗ ಬೆರಳು ನೋಡುತ್ತಾನೆ.

ಇಸವಿಗಳ ವಿಷಯ. ಅವರು ಬ್ರಿಟನ್ನಿಗೆ ನಾಟಕದ ಪ್ರವಾಸ ಹೋದದ್ದು 1947ರಲ್ಲಿ, 1952ರಲ್ಲಿ, ಮತ್ತೆ 1953–54ರಲ್ಲಿ. ಸಿನಿಮಾ ಮುಖ್ಯವಾಗಿ ಕೊನೆಯದನ್ನು ಹಿಡಿದುಕೊಂಡಿದೆ. ನೀನು ಬಿಡುಗಡೆಯಾದ ಮಾರನೇ ದಿನ "ಚಿತ್ರದಲ್ಲಿರುವ ಹತ್ತು ತಪ್ಪುಗಳು" ಅಂತ ಬರೆಯೋಕೆ ತಯಾರಿ ಮಾಡಿಕೊಳ್ಳುತ್ತಿದ್ದೀಯ ಅಂತ ನನಗೆ ಗುಮಾನಿ. ಬೇಡ. ಎರಡು ಗಂಟೆಯೊಳಗೆ ಎರಡು ಬದುಕು ತುಂಬಬೇಕಾದವರು ಅಲ್ಲಿದನ್ನು ಇಲ್ಲಿಗೆ ತಂದೇ ತರುತ್ತಾರೆ. ಏನನ್ನು ಬಿಟ್ಟರು ಅನ್ನೋದನ್ನು ಮಾತ್ರ ನೋಡು. ಉದಾಹರಣೆಗೆ, ಡಬ್ಬಿಂಗ್ ಇನ್ನೂ ಸರಿಯಾಗಿ ಬಾರದ 1930ರ ಸುಮಾರಿಗೆ ಅವರು ಒಂದೇ ಚಿತ್ರವನ್ನು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್‌ನಲ್ಲಿ ಮತ್ತೆ ಮತ್ತೆ ನಟಿಸುತ್ತಿದ್ದರು. ಭಾಷೆ ಬರುತ್ತಿರಲಿಲ್ಲ. ಕ್ಯಾಮೆರಾ ಪಕ್ಕದಲ್ಲಿ ಬೋರ್ಡಿನ ಮೇಲೆ ಉಚ್ಚಾರಣೆ ಬರೆದಿಟ್ಟು ಓದಿಸುತ್ತಿದ್ದರು. ಮುಂಬೈಯಿಂದ ಬಂದ ನಮ್ಮ ನಾಯಕಿಯರು ಕನ್ನಡದ ಡೈಲಾಗನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹೇಳುತ್ತಾರಲ್ಲ, ಹಾಗೇ. ಅದು ಈ ಸಿನಿಮಾದಲ್ಲಿ ಇರಲಿಕ್ಕಿಲ್ಲ, ನಿನ್ನ ಲೇಖನದಲ್ಲಿ ಇರಬಹುದು.

ಕೋವ್ ಬಂದರಿನ ಗಂಟೆಯ ಕಥೆಯನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದು ನನಗೆ ಸಿಟ್ಟು ಬಂತು. 1953ರ ಸೆಪ್ಟೆಂಬರ್, ಹಡಗು ಐರ್ಲೆಂಡಿಗೆ ಬಂದು ನಿಂತಿದೆ. ಇಬ್ಬರಿಗೂ ಅರವತ್ತು ದಾಟಿದೆ. ಎರಡು ವರ್ಷದ ಹಿಂದೆ ಫ್ರಾನ್ಸಿನಲ್ಲಿ ಮಾಡಿದ ಸಿನಿಮಾ ಮಕಾಡೆ ಮಲಗಿತ್ತು, ಆಮೇಲೆ ಸಿನಿಮಾನೇ ಇಲ್ಲ. ಯಾರು ಬರುತ್ತಾರೆ ನಮ್ಮನ್ನು ನೋಡೋಕೆ ಅಂದುಕೊಂಡವರಿಗೆ ದಡದ ತುಂಬಾ ಜನ. ಅಷ್ಟರಲ್ಲಿ ಮೇಲೆ ಸೇಂಟ್ ಕೋಲ್ಮನ್ ಚರ್ಚಿನ ಗಂಟೆಗಳು ಬಾರಿಸತೊಡಗಿದವು, ಬಾರಿಸಿದ್ದು ಪ್ರಾರ್ಥನೆಯನ್ನಲ್ಲ, ಇವರ ಸಿನಿಮಾಗಳ ಶುರುವಿನಲ್ಲಿ ಬರುವ ಆ ಕುಕ್ಕೂ ಟ್ಯೂನನ್ನು! ಮಾರ್ವಿನ್ ಹ್ಯಾಟ್ಲಿ ಕಟ್ಟಿದ ಪುಟ್ಟ ತಮಾಷೆಯ ಟ್ಯೂನು ಅದು, ಚರ್ಚಿನ ಗಂಟೆಯಲ್ಲಿ ಹೇಗೆ ಕೇಳಿಸಿರಬೇಕು ಯೋಚಿಸು. ಇಂಥದ್ದು ಸಿಕ್ಕಾಗ ವಿಶೇಷಣ ಬೇಕಾಗಿಲ್ಲ. ಹಡಗು, ಜನ, ಗಂಟೆ ಇಷ್ಟನ್ನೇ ಇಟ್ಟು ನೀನು ಪಕ್ಕಕ್ಕೆ ಸರಿ. ಮುಂದಿನ ಮೇ ತಿಂಗಳಲ್ಲಿ ಪ್ಲಿಮತ್‌ನಲ್ಲಿ ಹಾರ್ಡಿಗೆ ಹೃದಯದ ತೊಂದರೆಯಾಗಿ ಪ್ರವಾಸ ಅಲ್ಲಿಗೇ ನಿಂತಿತು. ಅದನ್ನು ಒಂದು ಸಾಲಿನಲ್ಲಿ ಹೇಳು, ಸಾಕು.

ಹಾರ್ಡಿ ಹೋದದ್ದು 1957ರಲ್ಲಿ. ಲಾರೆಲ್ ಮತ್ತೆ ನಟಿಸಲಿಲ್ಲ. ಸಾಂಟಾ ಮೋನಿಕಾದಲ್ಲಿ ಸಣ್ಣ ಅಪಾರ್ಟ್‌ಮೆಂಟಿನಲ್ಲಿದ್ದ, ಫೋನ್ ನಂಬರ್ ಡೈರೆಕ್ಟರಿಯಲ್ಲೇ ಇತ್ತು, ಯಾರು ಬೇಕಾದರೂ ಫೋನ್ ಮಾಡಬಹುದಿತ್ತು, ಕಾಗದ ಬರೆದವರಿಗೆ ಉತ್ತರ ಬರೆಯುತ್ತಿದ್ದ. 1965ರಲ್ಲಿ ತೀರಿಕೊಳ್ಳುವ ತನಕ ಇಬ್ಬರಿಗಾಗಿ ಹೊಸ ಜೋಕು ಬರೆಯುತ್ತಲೇ ಇದ್ದನಂತೆ. ಎದುರಿಗೆ ಹಾರ್ಡಿ ಇಲ್ಲ, ಹಾರ್ಡಿಯ ನೋಟಕ್ಕೆ ಜಾಗ ಬಿಟ್ಟೇ ಬರೆದಿರಬೇಕು, ಅಲ್ವಾ? ಈ ವಿಷಯವನ್ನು ನೀನು ಕೊನೆಗೆ ಇಟ್ಟು ಓದುಗನನ್ನು ಅಳಿಸೋಕೆ ನೋಡುತ್ತೀಯ, ನನಗೆ ಗೊತ್ತು. ಕೊನೆಗೆ ಇಡಬೇಡ. ನಡುವೆ ಎಲ್ಲಾದರೂ ಹಾಕು, ಅದರ ಪಾಡಿಗೆ ಅದು ಕೆಲಸ ಮಾಡುತ್ತದೆ.

ಭಾನುವಾರದೊಳಗೆ ಮತ್ತೆ ಬರೆದು ಕಳಿಸು. ಆದರೆ ಬರೆಯುವ ಮುಂಚೆ ಪಿಯಾನೋ ಚಿತ್ರವನ್ನು ಟಿವಿಗೆ ಹಾಕಿ ಮನೆಯವರ ಜೊತೆ ಕೂತು ನೋಡು, ನಿಮ್ಮಜ್ಜಿಯನ್ನೂ ಕೂರಿಸು. ಸಿನಿಮಾ ನೋಡಬೇಡ, ಅವರನ್ನು ನೋಡು, ಎಲ್ಲೆಲ್ಲಿ ನಗುತ್ತಾರೆ ಗುರುತು ಹಾಕಿಕೋ.

ಆ ಹೊಸ ಸಿನಿಮಾ ಇಲ್ಲಿಗೆ ಬಂದರೆ ಒಟ್ಟಿಗೆ ಹೋಗೋಣ. ಟಿಕೆಟ್ ನನ್ನ ಲೆಕ್ಕ. ಪಾಪ್‌ಕಾರ್ನ್ ಮಾತ್ರ ಕೇಳಬೇಡ. ಆ ರೇಟು ಕೇಳಿದರೆ ನಾನೇನೂ ಮಾತಾಡಲ್ಲ, ಸುಮ್ನೆ ಹಾರ್ಡಿ ಥರ ತಿರುಗಿ ನಿನ್ನನ್ನು ನೋಡುತ್ತೇನೆ.

ಇಂತಿ,
ನಿನ್ನ ಅಕ್ಕ