ಎಲ್ಲವೂ ಮಹಾರಾಜರ ಕಾಲದ್ದಲ್ಲ ಸ್ವಾಮಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಶ್ರೀರಂಗಪಟ್ಟಣದ ಹತ್ತಿರದ ತೋಟವೊಂದರಲ್ಲಿ ನಿಂತಿರುವ ಹಳೇ ಕ್ಯಾರವಾನಿನ ಚಿತ್ರ ಹಾಕಿದ್ದಿರಿ. ಕ್ಯಾರವಾನ್ ಅಂದ ತಕ್ಷಣ ಈಗಿನವರಿಗೆ ಶೂಟಿಂಗ್ ಜಾಗದಲ್ಲಿ ಹೀರೋ ಕೂರುವ ಎ.ಸಿ. ಬಸ್ಸು ನೆನಪಾಗುತ್ತದೆ. ಇದು ಅದಲ್ಲ. ಇದಕ್ಕೆ ಇಂಜಿನ್ ಇಲ್ಲ. ಕಾರಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗುವ, ಒಳಗೆ ಮಂಚ, ಒಲೆ, ಬೀರು ಎಲ್ಲ ಇರುವ ಗಾಡಿ. ಚಿತ್ರದ ಕೆಳಗೆ ‘1938ರಲ್ಲಿ ಅರಮನೆಯವರು ಕಾಕನಕೋಟೆ ಖೆಡ್ಡಾ ನೋಡಲು ತರಿಸಿದ್ದು’ ಎಂದು ಬರೆದಿದ್ದಿರಿ. (ಖೆಡ್ಡಾ ಅಂದರೆ ಕಾಡಾನೆಗಳನ್ನು ಅಟ್ಟಿ ಹಿಡಿಯುವುದು.) ಮಾರಿದವರು ಹಾಗೆ ಹೇಳಿದರಂತೆ, ಕೊಂಡವರು ನಂಬಿದರಂತೆ, ನೀವು ಛಾಪಿಸಿದಿರಿ. ಗಾಡಿ ಚೆನ್ನಾಗಿದೆ. ಫೋಟೋ ಕೂಡ ಚೆನ್ನಾಗಿದೆ. 1938 ಮಾತ್ರ ಸುಳ್ಳು.

ಸುಳ್ಳು ಅಂತ ಇಷ್ಟು ಜೋರಾಗಿ ಹೇಳೋಕೆ ಕಾರಣ ನಿಮ್ಮದೇ ಫೋಟೋ. ಅದರ ಕಿಟಕಿ ನೋಡಿ. ಚೌಕಟ್ಟಿಲ್ಲದ, ಮೂಲೆಗಳು ದುಂಡಗಿರುವ, ಸ್ವಲ್ಪ ಹೊರಕ್ಕೆ ಉಬ್ಬಿದ ಎರಡು ಪದರದ ಪ್ಲಾಸ್ಟಿಕ್ ಕಿಟಕಿ. ಅಕ್ರಿಲಿಕ್ ಅಂತಾರೆ. ಇಂಗ್ಲೆಂಡಿನ ಕ್ಯಾರವಾನುಗಳಿಗೆ ಇಂಥ ಕಿಟಕಿ ಮಾಮೂಲಾಗಿದ್ದು 1970ರ ದಶಕದ ಕೊನೆಯ ಹೊತ್ತಿಗೆ. 1938ರದ್ದಾಗಿದ್ದರೆ ಮರದ ಅಥವಾ ಲೋಹದ ಚೌಕಟ್ಟಿನಲ್ಲಿ ಗಾಜು ಇರಬೇಕಿತ್ತು. ಆಮೇಲೆ ಯಾರೋ ಕಿಟಕಿ ಬದಲಾಯಿಸಿರಬಹುದಲ್ಲ ಅಂತ ಕೇಳುತ್ತೀರಿ. ಸರಿ, ಬದಲಾಯಿಸಿದರೆ ಹಳೇ ಕಿಂಡಿಗೂ ಹೊಸ ಕಿಟಕಿಗೂ ಅಳತೆ ಕೂಡಿಬರುವುದಿಲ್ಲ, ಸುತ್ತ ತಗಡಿನ ತೇಪೆ ಹಾಕಲೇಬೇಕು. ಇಲ್ಲಿ ತೇಪೆ ಇಲ್ಲ, ಗೋಡೆಯ ತಗಡು ಒಂದೇ ಹಾಳೆಯಾಗಿ ಕಿಟಕಿಯ ದುಂಡು ಮೂಲೆವರೆಗೂ ನೀಟಾಗಿ ಬಂದು ನಿಂತಿದೆ. ಗೋಡೆ, ಕಿಟಕಿ ಒಂದೇ ವಯಸ್ಸಿನವು. ಜೊತೆಗೆ 1930ರ ದಶಕದ ಬ್ರಿಟಿಷ್ ಕ್ಯಾರವಾನುಗಳಲ್ಲಿ ಛಾವಣಿಯ ಮಧ್ಯಭಾಗ ಮೇಲಕ್ಕೆದ್ದು, ಅದರ ಎರಡೂ ಕಡೆ ಸಣ್ಣ ಗಾಜಿನ ಕಿಂಡಿಗಳಿರುವುದು ಜಾಸ್ತಿ. ಇದರ ಛಾವಣಿ ಚಪ್ಪಟೆ.

ನಮ್ಮೂರಿನ ರೋಗ ಇದು. ಹಳೇ ಸಾಮಾನಿನ ಅಂಗಡಿಗೆ ಹೋಗಿ ಒಂದು ಕುರ್ಚಿ ಮುಟ್ಟಿ ನೋಡಿ, ‘ಅರಮನೇದು ಸಾರ್’ ಅಂತಾರೆ. ಗಡಿಯಾರ ಅರಮನೇದು, ಬೀಗದ ಕೈ ಅರಮನೇದು, ಮೊನ್ನೆ ಒಬ್ಬರು ಇಸ್ತ್ರಿ ಪೆಟ್ಟಿಗೆಯನ್ನೂ ಅರಮನೇದು ಮಾಡಿಬಿಟ್ಟರು. ಆ ಒಂದು ಮಾತಿಗೆ ಬೆಲೆಯ ಮುಂದೆ ಒಂದು ಸೊನ್ನೆ ಜಾಸ್ತಿಯಾಗುತ್ತದೆ. ಖೆಡ್ಡಾ ಕಥೆಯೂ ಹಾಗೇ. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ, ಆಮೇಲೆ ಆ ಜಾಗ ಕಬಿನಿ ಹಿನ್ನೀರಿಗೆ ಹೋಯಿತು. ಹೋಗಿ ನೋಡಿ ಬರೋಣ ಅನ್ನುವ ಹಾಗಿಲ್ಲ, ಹೇಳುವವರಿಗೆ ಅದೇ ಅನುಕೂಲ. ನಿಜವಾಗಿ ಅರಮನೆಗೆ ಸೇರಿದ್ದ ವಾಹನ ಹೇಗಿರುತ್ತೆ ಅಂತ ನೋಡಬೇಕಾದರೆ ಕೆ.ಆರ್.ಎಸ್. ರಸ್ತೆಯ ರೈಲು ಮ್ಯೂಸಿಯಮ್ಮಿಗೆ ಹೋಗಿ ಮಹಾರಾಣಿ ಸಲೂನ್ ನೋಡಿ. 1899ರ ಬೋಗಿ. ಅದು ಯಾರದು ಅನ್ನೋಕೆ ಅಂಗಡಿಯವರ ಬಾಯಿಮಾತು ಬೇಕಿಲ್ಲ.

ಹಾಗಾದರೆ ಹಳೇ ಕ್ಯಾರವಾನಿನ ವಯಸ್ಸು ಕಂಡುಹಿಡಿಯೋದು ಹೇಗೆ? ಗ್ಯಾರೇಜಿನ ಕೆಲಸ ಮಾಡಿಕೊಂಡು ಬಂದವನು ನಾನು, ಆ ಕಣ್ಣಿನಿಂದಲೇ ಹೇಳುತ್ತೇನೆ.

ಮೊದಲು ಗಾಡಿಯ ಮುಂದೆ ಹೋಗಿ ಕೂರಿ. ಎತ್ತಿನ ಗಾಡಿಗೆ ಮೂಕಿ ಇದ್ದ ಹಾಗೆ ಇದಕ್ಕೆ ಮುಂದಕ್ಕೆ ಚಾಚಿದ ಕಬ್ಬಿಣದ ಚೌಕಟ್ಟು ಇರುತ್ತದೆ. ಛಾಸಿ ನಂಬರನ್ನು ಬಹಳ ಸಲ ಅಲ್ಲೇ ಗುದ್ದಿರುತ್ತಾರೆ, ಬಣ್ಣದ ಪದರಗಳ ಕೆಳಗೆ ಮುಚ್ಚಿಹೋಗಿರುತ್ತದೆ. ದಯವಿಟ್ಟು ಗ್ರೈಂಡರ್ ಹಿಡಿಯಬೇಡಿ, ಬಣ್ಣದ ಜೊತೆ ನಂಬರೂ ಹೋಗುತ್ತೆ. ಪೇಂಟ್ ರಿಮೂವರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಹಿತ್ತಾಳೆ ಬ್ರಷ್ಷಿನಲ್ಲಿ ಮೆತ್ತಗೆ ತಿಕ್ಕಿ. ಆಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ, ಆರ್‌ಟಿಓ ಕೆಲಸಕ್ಕೆ ಏಜೆಂಟರು ತೆಗೆಯುತ್ತಾರಲ್ಲ, ಅದೇ. ಅಮೆರಿಕದ ಗಾಡಿಯಾಗಿದ್ದು 17 ಅಕ್ಷರ-ಅಂಕಿಗಳ ಉದ್ದದ ನಂಬರ್ ಸಿಕ್ಕರೆ ಅದು 1981ರ ಪದ್ಧತಿ ಬಂದ ಮೇಲಿನದು. ಅದರಲ್ಲಿ ಹತ್ತನೆಯ ಜಾಗದ ಅಕ್ಷರವೇ ಮಾಡೆಲ್ ವರ್ಷ: ಬಿ ಇದ್ದರೆ 1981, ಸಿ ಇದ್ದರೆ 1982. ಗಿಡ್ಡ ನಂಬರ್ ಇದ್ದರೆ ಅದು ಆ ಕಂಪನಿಯ ಸ್ವಂತ ಲೆಕ್ಕ, ಆ ಕಂಪನಿಯ ಹಳೇ ದಾಖಲೆ ಜೊತೆ ತಾಳೆ ನೋಡಿದರೆ ಮಾತ್ರ ಅರ್ಥವಾಗುತ್ತೆ. ನಂಬರಿನ ತಗಡನ್ನು ರಿವೆಟ್ ಹಾಕಿ ಕೂರಿಸಿದ್ದರೆ ರಿವೆಟ್ ಕೂಡ ನೋಡಿ. ಸುತ್ತ ಎಲ್ಲ ತುಕ್ಕು ಹಿಡಿದು ರಿವೆಟ್ ಮಾತ್ರ ಪಳಪಳ ಅಂದರೆ ಆ ತಗಡು ಎಲ್ಲಿಂದ ಬಂತು ಅಂತ ಕೇಳಬೇಕಾಗುತ್ತೆ.

ಹಿಂದಿನ ನಂಬರ್ ಪ್ಲೇಟನ್ನು ಪೂರ್ತಿ ನಂಬೋಕಾಗಲ್ಲ. ಅದು ಇಲ್ಲಿ ನೋಂದಣಿಯಾದ ಕಾಲ ಹೇಳುತ್ತೆ ಅಷ್ಟೇ, ತಯಾರಾದ ಕಾಲ ಅಲ್ಲ. ಎಂವೈ ಅಂತ ಶುರುವಾಗಿದ್ದರೆ ಹಳೇ ಮೈಸೂರು ರಾಜ್ಯದ ಸರಣಿ. ಕೆಎ-09, ಕೆಎ-11 ಅಂತಿದ್ದರೆ 1989ರ ಮೇಲೆ ಕೊಟ್ಟದ್ದು. ಟೈರಿನ ಮೇಲೆ ನಾಲ್ಕು ಅಂಕಿ ನೋಡಿ ಗಾಡಿಯ ವಯಸ್ಸು ಹೇಳುವವರೂ ಇದ್ದಾರೆ! ಅದು ಟೈರಿನ ವಾರ ಮತ್ತು ವರ್ಷ ಸ್ವಾಮಿ, 2000ದಿಂದ ಈಚಿನ ಪದ್ಧತಿ.

ನನಗೆ ಎಲ್ಲಕ್ಕಿಂತ ಜಾಸ್ತಿ ನಂಬಿಕೆ ಸ್ಕ್ರೂ-ಬೋಲ್ಟುಗಳ ಮೇಲೆ. ಬಾಯಿಮಾತಿನವರು ಅಲ್ಲಿಗೆ ಕೈ ಹಾಕಿರುವುದಿಲ್ಲ. ತಲೆಯಲ್ಲಿ ಒಂದೇ ಗೀರು ಇದ್ದರೆ ಯಾವ ಕಾಲದ್ದೂ ಇರಬಹುದು. ಪ್ಲಸ್ ಗುರುತಿನ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದ ನಡುವಿನಲ್ಲಿ, ಅಮೆರಿಕದಲ್ಲಿ. ಪ್ಲಸ್ಸಿನ ನಾಲ್ಕು ತೋಳುಗಳ ನಡುವೆ ಇನ್ನೂ ನಾಲ್ಕು ಸಣ್ಣ ಗೆರೆ ಇದ್ದರೆ ಅದು ಪೋಜಿಡ್ರೈವ್, 1960ರ ದಶಕದಲ್ಲಿ ಬಂದದ್ದು. ಬಾಗಿಲಿನ ಕೀಲಿನ ಸ್ಕ್ರೂ ನೋಡಿ ತೀರ್ಮಾನ ಮಾಡಬೇಡಿ, ಅದನ್ನು ಎಲ್ಲರೂ ಬಿಚ್ಚಿ ಹಾಕಿರುತ್ತಾರೆ. ಬೀರುವಿನ ಹಿಂದೆ, ಸೀಟಿನ ಪೆಟ್ಟಿಗೆಯ ತಳದಲ್ಲಿ, ಒಮ್ಮೆ ಬಿಗಿದ ಮೇಲೆ ಯಾರೂ ಮುಟ್ಟದ ಜಾಗದಲ್ಲಿ ಹುಡುಕಬೇಕು. ಛಾಸಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನೋಡಿ. ಹಳೇ ಬ್ರಿಟಿಷ್ ಗಾಡಿಯಾದರೆ ವಿಟ್‌ವರ್ತ್ ಅನ್ನುವ ಹಳೇ ಇಂಚಿನ ಅಳತೆ ಕೂರುತ್ತದೆ, ನಿಮ್ಮ ಮಿಲಿಮೀಟರ್ ಲೆಕ್ಕದ 13ನೇ ನಂಬರ್ ಸ್ಪ್ಯಾನರ್ ಸರಿಯಾಗಿ ಕೂರುವುದಿಲ್ಲ. ಬ್ರಿಟನ್ನಿನ ಕಾರ್ಖಾನೆಗಳು ಮಿಲಿಮೀಟರ್ ಲೆಕ್ಕಕ್ಕೆ ಬಂದದ್ದು 1960ರ ದಶಕದ ಕೊನೆಯಿಂದ ಈಚೆಗೆ. ಗಾಡಿ ಸಿಕ್ಕಿಸಲು ಕಾರಿನ ಹಿಂದೆ ಇರುವ ಕಬ್ಬಿಣದ ಗುಂಡಿನ ಅಳತೆಯೂ ಅಷ್ಟೇ. ಹಳೇದು 2 ಇಂಚು, ಅಂದರೆ 50.8 ಮಿ.ಮೀ., ಆಮೇಲಿನದು ಸರಿಯಾಗಿ 50. ಕಣ್ಣಿಗೆ ಗೊತ್ತಾಗಲ್ಲ, ವರ್ನಿಯರ್ ಅನ್ನುವ ಸೂಕ್ಷ್ಮ ಅಳತೆಪಟ್ಟಿ ಹಾಕಬೇಕು.

ಗಾಜಿನ ಕಿಟಕಿ ಉಳಿದಿದ್ದರೆ ಅದೃಷ್ಟ. ಮೂಲೆಯಲ್ಲಿ ಕಂಪನಿಯ ಸಣ್ಣ ಗುರುತು ಇರುತ್ತೆ. ಬ್ರಿಟನ್ನಿನ ಟ್ರಿಪ್ಲೆಕ್ಸ್ ಗಾಜುಗಳಲ್ಲಿ ಅಕ್ಷರಗಳ ಹತ್ತಿರ ಚುಕ್ಕೆ ಇಟ್ಟು ವರ್ಷ ಸೂಚಿಸುತ್ತಿದ್ದರು. ಅದರಲ್ಲಿ ಸಿಗೋದು ವರ್ಷದ ಕೊನೆಯ ಅಂಕಿ ಮಾತ್ರ, ದಶಕ ಯಾವುದು ಅಂತ ಉಳಿದ ಸಾಕ್ಷಿ ನೋಡಿ ಹೇಳಬೇಕು. ಒಳಗೆ ಚೌಕ ಕಾಲಿನ ಮೂರು ಪಿನ್ನಿನ ಇಂಗ್ಲಿಷ್ ಪ್ಲಗ್ಗಿನ ಸಾಕೆಟ್ ಇದ್ದರೆ ಆ ಸಾಕೆಟ್ 1947ಕ್ಕಿಂತ ಹಿಂದಿನದಲ್ಲ. ದುಂಡು ಪಿನ್ನಿನದು ನಮ್ಮೂರಿನ ಎಲೆಕ್ಟ್ರಿಷಿಯನ್ ಕೈಚಳಕವೂ ಇರಬಹುದು.

ಈಗ ವಯಸ್ಸಿಗಿಂತ ಕಷ್ಟದ ವಿಷಯಕ್ಕೆ ಬರುತ್ತೇನೆ. ಗಾಡಿ ಹಳೇದೇ ಇರಬಹುದು, ಒಳಗಿರುವ ಎಲ್ಲವೂ ಅದರ ಜೊತೆ ಹುಟ್ಟಿದ್ದಲ್ಲ. ಒಲೆ ಒಂದು ಕಾಲದ್ದು, ಸನ್‌ಮೈಕಾ ಇನ್ನೊಂದು ಕಾಲದ್ದು, ಫ್ಯಾನು ಮೊನ್ನೆಯದು. ಮೂಲ ಯಾವುದು ಅಂತ ಹೇಳೋದು ಗುರುತುಗಳು. ಮರದ ಮೇಲೆ ಬಿಸಿಲು ಬೀಳದ ಕಡೆ ಬಣ್ಣ ಬೇರೆ ಉಳಿದಿರುತ್ತದೆ, ಅಲ್ಲಿ ಹಿಂದೆ ಏನೋ ಇತ್ತು ಅಂತ ಅರ್ಥ. ಬಳಕೆಯಿಲ್ಲದ ಸ್ಕ್ರೂ ತೂತುಗಳು ಸಾಲಾಗಿದ್ದರೆ ಅಳತೆ ಬರೆದುಕೊಳ್ಳಿ, ಯಾವ ಸಾಮಾನು ಕೂತಿತ್ತು ಅಂತ ಅದರಿಂದಲೇ ಊಹಿಸಬಹುದು. ಛಾವಣಿಯಲ್ಲಿ ಕಾವಿಗೆ ಕಪ್ಪಾದ ವೃತ್ತ, ಅದರ ಪಕ್ಕ ತುದಿ ಮುಚ್ಚಿದ ತಾಮ್ರದ ಕೊಳವೆ ಕಂಡರೆ ಅಲ್ಲಿ ಗ್ಯಾಸ್ ದೀಪ ಇತ್ತು, ಪೆಟ್ರೋಮ್ಯಾಕ್ಸಿನದೇ ಮ್ಯಾಂಟಲ್ ಕಟ್ಟಿ ಉರಿಸುವಂಥದ್ದು. ಹೊರಗಿನ ತಗಡಿನಲ್ಲಿ ರಿವೆಟ್ಟಿನ ತಲೆ ನೋಡಿ. ಮಧ್ಯೆ ತೂತಿದ್ದರೆ ಪಾಪ್ ರಿವೆಟ್, ಹೊರಗಿನಿಂದಲೇ ಹೊಡೆಯಬಹುದಾದದ್ದು. ಸುತ್ತಲೂ ಗಟ್ಟಿ ತಲೆಯವಿದ್ದು ಒಂದು ಕಡೆ ಮಾತ್ರ ಪಾಪ್ ರಿವೆಟ್ ಸಾಲು ಬಂದರೆ ಅಲ್ಲಿ ರಿಪೇರಿಯಾಗಿದೆ.

ಅಂದಹಾಗೆ ಬೆಳ್ಳಿ ಬಣ್ಣದ್ದೆಲ್ಲ ಏರ್‌ಸ್ಟ್ರೀಮ್ ಅಲ್ಲ. ಅಮೆರಿಕದ ಆ ಕಂಪನಿ 1936ರಲ್ಲಿ ತಂದ ಕ್ಲಿಪ್ಪರ್ ಅನ್ನುವ ಗಾಡಿಯಿಂದ ಹಿಡಿದು ಅವರ ಗುರುತೇ ಅಲ್ಯೂಮಿನಿಯಂ ತಗಡನ್ನು ಎಲ್ಲ ಕಡೆ ದುಂಡಗೆ ಬಾಗಿಸಿ ಸಾಲುಸಾಲು ರಿವೆಟ್ ಹೊಡೆದ ಮೈ. ಚೌಕ ಪೆಟ್ಟಿಗೆಗೆ ಸಿಲ್ವರ್ ಪೇಂಟ್ ಬಳಿದು ಆ ಹೆಸರು ಹೇಳುವವರನ್ನು ಸುಮ್ನೆ ನೋಡಿ ನಕ್ಕು ಮುಂದೆ ಹೋಗಿ.

ಇಷ್ಟೆಲ್ಲ ಓದೋಕೆ ಗಾಡಿ ಹಾಗೇ ಇರಬೇಕು, ಅಲ್ವಾ? ನಮ್ಮಲ್ಲಿ ಆಗೋದು ಉಲ್ಟಾ. ಕೊಂಡ ಮರುದಿನವೇ ಟಿಂಕರಿಂಗ್ ಅಂಗಡಿಗೆ ಬಿಡುತ್ತಾರೆ, ಅವರು ಒಳಗಿನದೆಲ್ಲ ಕಿತ್ತು ಗುಜರಿಗೆ ಹಾಕಿ, ಹೊರಗೆ ಪುಟ್ಟಿ ಮೆತ್ತಿ, ಹೊಳೆಯುವ ಬಣ್ಣ ಹೊಡೆದು, ಒಂದು ಪಕ್ಕ ಕೊರೆದು ಜ್ಯೂಸ್ ಅಂಗಡಿಯ ಕಿಂಡಿ ಮಾಡಿ ವಾಪಸ್ ಕೊಡುತ್ತಾರೆ, ಮೇಲೆ ‘ವಿಂಟೇಜ್’ ಅಂತ ಬೋರ್ಡು ಬೇರೆ. ನನಗೆ ಗೊತ್ತಿರುವ ಒಬ್ಬರ ಗಾಡಿಗೆ ಮಂಡ್ಯದ ಕಡೆ ಹೀಗೇ ಆಯಿತು. ಒಳಗೆ ಮೂಲದ ಮಡಿಸುವ ಮೇಜು, ಕಾಲಿನಿಂದ ಒತ್ತುವ ನೀರಿನ ಪಂಪು ಎರಡೂ ಇದ್ದವು. ಈಗ ಎರಡೂ ಇಲ್ಲ. ಬಣ್ಣ ತೆಗೆಯುವ ಮೊದಲು ಹಿಂದಿನ ದೀಪ ಬಿಚ್ಚಿ, ಅದರ ಕೆಳಗೆ ಮೊದಲ ಬಣ್ಣ ಉಳಿದಿರುವ ಸಾಧ್ಯತೆ ಜಾಸ್ತಿ. ಇಲ್ಲದಿದ್ದರೆ ಮರೆಯ ಜಾಗದಲ್ಲಿ ರೂಪಾಯಿ ಅಗಲ ವಾಟರ್ ಪೇಪರಿನಲ್ಲಿ ನೀರು ಹಾಕಿಕೊಂಡು ಉಜ್ಜಿ, ಬಣ್ಣದ ಪದರಗಳು ಒಂದರೊಳಗೊಂದು ಸುತ್ತಾಗಿ ಕಾಣುತ್ತವೆ. ಒಣಗಿದ್ದಾಗ ಉಜ್ಜಬೇಡಿ, ಹಳೇ ಬಣ್ಣದಲ್ಲಿ ಸೀಸ ಇರಬಹುದು. ಒಲೆಯ ಹಿಂದೆ ಬೂದು ಬಣ್ಣದ ಗಟ್ಟಿ ಹಾಳೆ ಇದ್ದರೆ ಅದು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಅದಕ್ಕೆ ಡ್ರಿಲ್ ಹಾಕಬೇಡಿ, ಮುರಿಯಬೇಡಿ.

ವಯಸ್ಸು ತಪ್ಪು ಹೇಳಿದರೆ ಏನಾಯ್ತು, ಯಾರಿಗೆ ನಷ್ಟ ಅಂತ ಕೇಳಬಹುದು. ಕೊಂಡವರಿಗೇ ನಷ್ಟ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಛಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲಿರಬೇಕು, ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ವಿಎ ಅಂತ ಅಕ್ಷರ ಬರುತ್ತೆ. ಆ ನಿಯಮ ಮಾತಾಡೋದು ಸ್ವಂತ ಬಳಕೆಯ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳ ಬಗ್ಗೆ. ಇಂಜಿನ್ನೇ ಇಲ್ಲದ ಎರಡು ಚಕ್ರದ ಕ್ಯಾರವಾನನ್ನು ಮೋಟಾರು ವಾಹನ ಕಾಯ್ದೆ ಟ್ರೇಲರ್ ಅಂತ ಬೇರೆಯಾಗೇ ಕರೆಯುತ್ತೆ. ಹಾಗಾಗಿ ದುಡ್ಡು ಕೊಡುವ ಮೊದಲೇ ಆರ್‌ಟಿಓ ಕಚೇರಿಗೆ ಹೋಗಿ ಲಿಖಿತವಾಗಿ ಕೇಳಿ. ನನ್ನ ಅಂದಾಜಿನಂತೆ ನಿಮ್ಮ ಫೋಟೋದ ಗಾಡಿ 1970ರ ದಶಕದ ಕೊನೆಯದಾದರೆ ಅದಕ್ಕೆ ಇನ್ನೂ 50 ತುಂಬಿರುವುದೇ ಅನುಮಾನ. 1938ರ ಬೆಲೆ ಕೊಟ್ಟು 1978ರ ಗಾಡಿ ತಂದ ಹಾಗಾಯಿತು.

ಆದರೆ 1970ರ ದಶಕದ್ದು ಅಂದ ಮಾತ್ರಕ್ಕೆ ಗಾಡಿ ಕಡಿಮೆಯಾಗಲಿಲ್ಲ. ಒಳಗಿನದು ಹಾಗೇ ಉಳಿದಿದ್ದರೆ ಸುಳ್ಳು 1938ಕ್ಕಿಂತ ಅದೇ ದೊಡ್ಡದು. ಯಾರ ಸಾಮಾನು ಯಾವಾಗ ಇಲ್ಲಿಗೆ ಬಂತು ಅನ್ನೋದೂ ಕುತೂಹಲದ ವಿಷಯವೇ, ಅರಮನೆಯನ್ನು ಎಳೆದು ತರಬೇಕಾಗಿಲ್ಲ.

ನಿಮ್ಮಲ್ಲಿ ನನ್ನ ಕೇಳಿಕೆ ಇಷ್ಟೇ. ಮುಂದಿನ ಸಲ ‘ಮಹಾರಾಜರ ಕಾಲದ’ ಅಂತ ಬರೆಯುವ ಮೊದಲು ನಿಮ್ಮ ವರದಿಗಾರರು ಛಾಸಿ ನಂಬರಿನ ಒಂದು ಫೋಟೋ ಕೇಳಲಿ. ತೋಟದ ಮಾಲೀಕರು ಇದನ್ನು ಓದುತ್ತಿದ್ದರೆ, ಮಳೆ ಶುರುವಾಗುವ ಮುಂಚೆ ಛಾವಣಿಯ ಅಂಚಿನ ಪಟ್ಟಿ ಒಮ್ಮೆ ನೋಡಿಸಿ. ಇಂಥ ಗಾಡಿ ಕೆಡೋದು ಹೊರಗಿನ ತಗಡಿನಿಂದಲ್ಲ, ಅಂಚಿನಲ್ಲಿ ಇಳಿದ ನೀರು ಒಳಗಿನ ಮರದ ಕಟ್ಟನ್ನು ತಿನ್ನುತ್ತೆ, ಹೊರಗೆ ಗೊತ್ತೇ ಆಗಲ್ಲ. ಮೂಲೆಗಳಲ್ಲಿ ಒಳಗಿನಿಂದ ಬೆರಳಲ್ಲಿ ಒತ್ತಿ ನೋಡಿ. ಮೆತ್ತಗಿದ್ದರೆ ಬಣ್ಣದ ಯೋಚನೆ ಬಿಟ್ಟು ಮೊದಲು ಬಡಗಿಯನ್ನು ಕರೆಸಿ, ಹೊಸ ಮರ ಹಾಕಿಸುವಾಗ ಹಳೇ ತುಂಡೊಂದನ್ನು ಅಳತೆಗೆ ಇಟ್ಟುಕೊಳ್ಳಿ.

ಹಳೇ ಗಾಡಿಗಳ ಹುಚ್ಚಿನ ಒಬ್ಬ ಓದುಗ,
ಕುವೆಂಪುನಗರ, ಮೈಸೂರು