52 ಅಂಕದ ಲೆಕ್ಕ ಹೇಳಿಕೊಟ್ಟ ಹಿರಿಯರಿಗೆ

ಆಷಾಢದ ಮಳೆ ಬಿಡದೆ ಹೊಯ್ಯುತ್ತಿದ್ದ ಆ ಸಂಜೆ ಸಾಗರದ ಕ್ಲಬ್ಬೊಂದರಲ್ಲಿ ಡಾರ್ಟ್ಸ್ (ದುಂಡು ಹಲಗೆಗೆ ಪುಟ್ಟ ಬಾಣ ಎಸೆಯುವ ಆಟ) ಆಡುತ್ತ, ಹೊಡೆದ ಅಂಕ ಕಳೆಯುತ್ತ 501ರಿಂದ ಇಳಿದು 52ಕ್ಕೆ ಬಂದು ದಾರಿ ಕಾಣದೆ ನಿಂತಿದ್ದ ನನಗೆ ಲೆಕ್ಕ ಹೇಳಿಕೊಟ್ಟ ಹಿರಿಯರೇ, ನಿಮಗೆ ಹೃತ್ಪೂರ್ವಕ ಧನ್ಯವಾದಗಳು. ಕೊನೆಯ ಬಾಣ ಡಬಲ್‌ಗೆ (ಅಂಕ ಇಮ್ಮಡಿಯಾಗುವ ಹೊರ ಅಂಚಿನ ಕಿರಿದಾದ ಪಟ್ಟಿಗೆ) ಬಿದ್ದು ಅಂಕ ಸರಿಯಾಗಿ ಸೊನ್ನೆಯಾಗಬೇಕೆಂಬ ನಿಯಮ ನನಗೆ ಗೊತ್ತಿತ್ತು. ಮೊದಲು 20 ಹೊಡೆದು 32 ಉಳಿಸಿಕೊಳ್ಳುವುದೇಕೆ ಜಾಣತನವೆಂಬುದು ಗೊತ್ತಿರಲಿಲ್ಲ. ಡಬಲ್ 16ಕ್ಕೆ ಗುರಿಯಿಟ್ಟ ಬಾಣ ತುಸು ಒಳಗೆ ಬಿದ್ದು ಬರೀ 16 ಸಿಕ್ಕರೂ ಮುಂದೆ ಡಬಲ್ 8 ಇದೆ, ಅದೂ ಹಾಗೆಯೇ ತಪ್ಪಿದರೆ ಡಬಲ್ 4, ಆಮೇಲೆ 2, 1, ನಡುವೆ ಬೆಸ ಸಂಖ್ಯೆಯ ತೊಡಕೇ ಇಲ್ಲವೆಂದು ನೀವು ವಿವರಿಸಿದ ತಾಳ್ಮೆಯನ್ನು ನಾನು ಮರೆಯಲಾರೆ. ನನ್ನ ಎರಡನೆಯ ಬಾಣ ಒಳಗೇ ಬಿತ್ತು, ಮೂರನೆಯದು ಡಬಲ್ 8ರಲ್ಲಿ ನಾಟಿತು. ಹೆಸರು ಕೇಳಲು ತಿರುಗುವಷ್ಟರಲ್ಲಿ ನೀವು ಕೊಡೆ ಬಿಚ್ಚಿ ಗೇಟು ದಾಟಿದ್ದಿರಿ.