ವೈನಿ, ಇವತ್ತು ಆಳಂದಕ್ಕೆ ಹೋಗಿ ಬಂದೆ

ಸೊಂಟ, ಕಾಲು ನೋವಿಗೆ ರಜೆ ಹಾಕಿದ್ದೆ, ಐದು ತಿಂಗಳ ಮೇಲೆ ಇವತ್ತು ಕಂಡಕ್ಟರ್ ಡ್ಯೂಟಿಗೆ ಹಾಜರಾದೆ. ಕಲಬುರಗಿಯಿಂದ ಆಳಂದ, ಅಲ್ಲಿಂದ ವಾಪಸ್, ಎರಡು ಟ್ರಿಪ್. ಬಸ್ ತುಂಬಾ ಜನ, ನಿಂತೇ ಟಿಕೆಟ್ ಕೊಟ್ಟೆ. ನೋವು ಪೂರ್ತಿ ಹೋಯ್ತು ಅಂತ ಸುಳ್ಳು ಹೇಳಲ್ಲ, ಅಂಗಾಲಿನ ಉರಿ ಇನ್ನೂ ಇದೆ. ಆದ್ರೆ ಸಂಜೆ ಯಾರ ಹೆಗಲೂ ಹಿಡಿಯದೆ ಬಸ್ಸಿಂದ ಇಳಿದು ಮನೆಗೆ ಬಂದೆ.

ಸ್ಕ್ಯಾನಿಂಗಲ್ಲಿ ಕಂಡ ಬೆನ್ನಿನ ಡಿಸ್ಕಿನ ತೊಂದರೆ, 14 ವರ್ಷದ ಶುಗರ್ ಎಲ್ಲಾ ನನ್ನ ಬಳಗದ ನಿಮಗೆ ಗೊತ್ತಿರೋದೇ, ಮತ್ತೆ ಬರೆಯಲ್ಲ. ನನ್ನ ಪಾಳಿ ಹಂಚಿಕೊಂಡ ಡಿಪೋದ ಗೆಳೆಯರು, ರಜೆ ಅರ್ಜಿಗೆ ಓಡಾಡಿದ ಅಣ್ಣನ ಮಗ, ದಿನಾ ಆಸ್ಪತ್ರೆಗೆ ಬಿಟ್ಟು ಕರೆತಂದ ಆಟೋ ಕಾಕಾ, ಮಗಳ ಬಾಣಂತನಕ್ಕೆ ಯಾದಗಿರಿಯಲ್ಲಿದ್ದುಕೊಂಡೇ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿದ ನನ್ನಾಕೆ, ಎಲ್ಲರಿಗೂ ಶರಣು.

ಆಯುರ್ವೇದದ ಡಾಕ್ಟರಿಗೆ ಎರಡು ಮಾತು ಜಾಸ್ತಿ ಹೇಳಬೇಕು. ಅವರಿಗಿಂತ ಮೊದಲು ಯಾರೋ ಒಬ್ಬರು ಪುಡಿ ಕೊಟ್ಟು, ಶುಗರ್ ಗುಳಿಗೆ ಬಿಟ್ಟುಬಿಡಿ ಅಂದಿದ್ದರು. ನಾನೂ ನಂಬಿ 12 ದಿನ ಬಿಟ್ಟಿದ್ದೆ, ಶುಗರ್ 380 ದಾಟಿತ್ತು. ಈ ಡಾಕ್ಟರು ಮೊದಲ ದಿನವೇ ಗುಳಿಗೆ ಮತ್ತೆ ಶುರು ಮಾಡಿಸಿದರು. ಅರಿಷ್ಟ, ಲೇಹ್ಯ ಯಾವುದನ್ನೂ ಬರೆದುಕೊಡಲಿಲ್ಲ, ಅದರಲ್ಲಿ ಬೆಲ್ಲ ಸಕ್ಕರೆ ಇರುತ್ತೆ ಅಲ್ವಾ. ಕಣ್ಣು ಮುಚ್ಚಿಸಿ ಅಂಗಾಲಿಗೆ ಹತ್ತಿ ಮುಟ್ಟಿಸಿದರು. ಎಡಗಾಲಲ್ಲಿ ನನಗೆ ಏನೂ ಗೊತ್ತಾಗಲಿಲ್ಲ. ಸೊಂಟದಿಂದ ಕಾಲಿಗೆ ಇಳಿಯೋ ಈ ನೋವು ಗೃಧ್ರಸಿ, ಅಂದ್ರೆ ಸಯಾಟಿಕಾ, ಅದಕ್ಕೆ ಕಟಿಬಸ್ತಿ ಮಾಡೋಣ. ಅಂಗಾಲಿನ ಜೋಮು ಶುಗರ್‌ನಿಂದ ಬಂದಿದ್ದು, ಮೊದಲು ಶುಗರ್ ಹಿಡಿತಕ್ಕೆ ಬರಲಿ ಅಂತ ಎರಡನ್ನೂ ಬೇರೆ ಮಾಡಿ ಹೇಳಿದರು. ಕಟಿಬಸ್ತಿ ಅಂದ್ರೆ, ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಒಳಗೆ ಬೆಚ್ಚಗಿನ ಎಣ್ಣೆ ತುಂಬಿ, ಆರಿದ ಹಾಗೆ ತೆಗೆದು ಮತ್ತೆ ಬೆಚ್ಚಗಿಂದು ಹಾಕೋರು. ತಿಂಗಳುಗಟ್ಟಲೆ ಬಿಗಿದಿದ್ದ ಬೆನ್ನು ಆ ಅರ್ಧ ಗಂಟೆ ಸಡಿಲ ಆಗೋದು, ನಾನು ನಿದ್ದೆ ಹೋಗಿಬಿಡ್ತಿದ್ದೆ.

ಇನ್ನು ವೈನಿ, ನನ್ನ ಅತ್ತಿಗೆ.

ಬೀದರ್‌ನಿಂದ ನಾಲ್ಕು ದಿನಕ್ಕೆ ಅಂತ ಬಂದವರು ಎರಡು ತಿಂಗಳು ಇದ್ದರು. ನನ್ನ ಸ್ನಾನದ ನೀರಿಗೆ ಮೊದಲು ಅವರ ಮೊಣಕೈ ಅದ್ದಬೇಕು, ಆಮೇಲೇ ನಾನು ಮುಟ್ಟಬೇಕು. ಕಾಲು ಸೆಳೀತಿದೆ, ಬಿಸಿನೀರಿನ ಚೀಲ ಕೊಡಿ ಅಂತ ಎಷ್ಟು ಬೇಡಿಕೊಂಡರೂ ಕೊಡಲಿಲ್ಲ. "ತಮ್ಮಾ, ನಿನ್ನ ಕಾಲಿಗೆ ಬಿಸಿ ತಿಳಿಯಂಗಿಲ್ಲ, ಸುಟ್ಟ ಮ್ಯಾಲೆ ಗೊತ್ತಾದ್ರ ಏನ್ ಮಾಡ್ತಿ?" ಅನ್ನೋರು.

ಒಂದು ರಾತ್ರಿಯ ಕಥೆ ನಿಮ್ಮಲ್ಲಿ ಯಾರಿಗೂ ಹೇಳಿಲ್ಲ. ಶುಗರ್ ಬೇಗ ಇಳಿಯಲಿ ಅಂತ ಆ ಸಂಜೆ ನಾನು ಒಂದೇ ರೊಟ್ಟಿ ತಿಂದಿದ್ದೆ, ಗುಳಿಗೆ ಮಾತ್ರ ಪೂರ್ತಿ ತಗೊಂಡಿದ್ದೆ. ಎರಡು ಗಂಟೆಗೆ ಮೈಯೆಲ್ಲಾ ಬೆವರಿ, ಕೈ ನಡುಗಿ, ನೋವಿಗೇ ಹೀಗಾಗ್ತಿದೆ ಅಂದುಕೊಂಡು ಸುಮ್ನೆ ಮಲಗಿದ್ದೆ. ವೈನಿ ಎದ್ದು ಬಂದು ಹಣೆ ಮುಟ್ಟಿದರು, ಮಾತಾಡಲಿಲ್ಲ, ಶುಗರ್ ನೋಡೋ ಮಷೀನ್ ತಂದು ಬೆರಳು ಚುಚ್ಚಿದರು. 48, ಶುಗರ್ ತೀರಾ ಇಳಿದುಬಿಟ್ಟಿತ್ತು. ನೀರಲ್ಲಿ ಮೂರು ಚಮಚ ಸಕ್ಕರೆ ಕಲಸಿ ಕುಡಿಸಿ, ಗಡಿಯಾರ ನೋಡುತ್ತಾ ಕೂತು, ಹದಿನೈದು ನಿಮಿಷಕ್ಕೆ ಮತ್ತೆ ಚುಚ್ಚಿದರು. 83. ಆಮೇಲೆ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ತಿನ್ನಿಸಿದರು, ನನ್ನ ಕೈಯಲ್ಲಿ ಬಟ್ಟಲು ನಿಲ್ಲುತ್ತಿರಲಿಲ್ಲ.

ಆಗ ನಾನು ಅತ್ತೆ. ಸಾಕು ವೈನಿ, ನನಗೆ ಬದುಕೋದೇ ಬೇಡ ಅಂದೆ. 51 ವರ್ಷದ ಗಂಡಸು, ಹೀಗೆ ಯಾರ ಮುಂದೆಯೂ ಅಂದಿರಲಿಲ್ಲ. ಅವರು ಸಮಾಧಾನದ ಮಾತು ಒಂದೂ ಹೇಳಲಿಲ್ಲ. ನನ್ನ ಪಾದ ಎರಡೂ ತಮ್ಮ ತೊಡೆ ಮೇಲೆ ಇಟ್ಟುಕೊಂಡು ಬೆಳಗಾಗೋ ತನಕ ಕೂತಿದ್ದರು. ಅವರ ಕೈ ಬಲಗಾಲಿಗೆ ತಿಳೀತಿತ್ತು, ಎಡಗಾಲಿಗೆ ತಿಳೀತಿರಲಿಲ್ಲ. ಅಲ್ಲೂ ಕೈ ಇದೆ ಅಂತ ಕಣ್ಣಿಂದ ನೋಡಿ ನೋಡಿ ಖಾತ್ರಿ ಮಾಡಿಕೊಳ್ತಿದ್ದೆ.

ಬೆಳಿಗ್ಗೆ ಶುಗರ್ ಡಾಕ್ಟರ ಹತ್ತಿರ ಅವರೇ ಕರೆದುಕೊಂಡು ಹೋದರು, ಗುಳಿಗೆ ಕಡಿಮೆ ಆಯ್ತು. ಅವತ್ತಿಂದ ದಿನಾ ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ, ಒಂದು ಬಟ್ಟಲು ತೊಗರಿಬೇಳೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಈಗ ಬೀದರ್‌ಗೆ ವಾಪಸ್ ಹೋಗಿದ್ದಾರೆ. ಹೋಗುವಾಗ ಒಂದು ಸಣ್ಣ ಕನ್ನಡಿ ಕೊಟ್ಟು ಹೋದರು, ಮಲಗೋ ಮುಂಚೆ ಅಂಗಾಲು ನೋಡಿಕೊಳ್ಳೋಕೆ. ರಾತ್ರಿ ಒಂಬತ್ತಕ್ಕೆ ಫೋನ್ ಬರುತ್ತೆ, "ನೋಡ್ಕೊಂಡ್ಯಾ?" ಅಂತ ಒಂದೇ ಮಾತು.

ನೋಡ್ಕೊಂಡೆ ವೈನಿ. ಇವತ್ತು ಇಡೀ ದಿನ ಶೂ ಹಾಕಿದ್ದೆ, ಎಲ್ಲೂ ಗಾಯ ಇಲ್ಲ.